ರಾಮನ್ ನಡೆದ ಬೀದಿಯಲ್ಲಿ

ದೊಡ್ಡ ನಗರಗಳನ್ನು ನೋಡುವುದರಲ್ಲಿ ಎರಡು ಬಗೆ. ಪ್ರವಾಸಿ ಬಸ್ಸಿನಲ್ಲಿ ಕುಳಿತು, 'ಎಡಗಡೆ ನೋಡಿ, ಬಲಗಡೆ ನೋಡಿ' ಎಂಬ ಅಪ್ಪಣೆಗೆ ತಕ್ಕಂತೆ ಕತ್ತು ತಿರುಗಿಸುತ್ತ ಒಂದೇ ದಿನಕ್ಕೆ ಊರು ಮುಗಿಸುವುದು ಒಂದು. ಬೆನ್ನಿಗೊಂದು ಚೀಲ ಏರಿಸಿ, ಗೆಳೆಯನ ಮನೆಯ ವಿಳಾಸ ಜೇಬಿನಲ್ಲಿಟ್ಟುಕೊಂಡು ಇಳಿದುಬಿಡುವುದು ಇನ್ನೊಂದು. ಎರಡನೆಯದಕ್ಕೆ ಗಟ್ಟಿ ಮೊಣಕಾಲು ಬೇಕು, ಒಳ್ಳೆಯ ಗೆಳೆಯರು ಬೇಕು. ಐವತ್ತು ದಾಟಿದ ಮೇಲೆ ಮೊಣಕಾಲಿನ ಬಗ್ಗೆ ಜಂಬ ಕೊಚ್ಚಿಕೊಳ್ಳುವಂತಿಲ್ಲ. ಗೆಳೆಯರ ವಿಷಯದಲ್ಲಿ ಮಾತ್ರ ನಾನು ಅದೃಷ್ಟವಂತ. 2025ರ ಜನವರಿಯಲ್ಲಿ, ಸಂಕ್ರಾಂತಿಯ ರಜೆಗೆ ಹಿಂದಿನ ಕೆಲವು ದಿನಗಳನ್ನು ಸೇರಿಸಿಕೊಂಡು ನಾನು ಕಲ್ಕತ್ತಕ್ಕೆ ಹೋದದ್ದು ಈ ಎರಡನೆಯ ರೀತಿಯಲ್ಲಿ. (2001ರಲ್ಲೇ ಆ ಊರಿನ ಹೆಸರು ಕೋಲ್ಕತ್ತ ಎಂದಾಗಿದೆ. ಆದರೆ ನನ್ನ ತಲೆಮಾರಿನವರ ನಾಲಿಗೆಗೆ ಅದಿನ್ನೂ ಕಲ್ಕತ್ತವೇ.)

ಅಲ್ಲಿ ನನಗೆ ಇಬ್ಬರು ಗೆಳೆಯರು. ಒಬ್ಬ ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದವನು. ಬ್ಯಾಂಕು ಸೇರಿ ಮೊದಲು ವರ್ಗವಾದದ್ದು ಕಲ್ಕತ್ತಕ್ಕೆ. ಆಮೇಲೆ ಅರ್ಧ ಭಾರತ ಸುತ್ತಿ ಈಗ ಮತ್ತೆ ಅಲ್ಲಿಗೇ ಬಂದಿದ್ದಾನೆ. ಇನ್ನೊಬ್ಬರು ಬಂಗಾಳಿ, ಭೌತಶಾಸ್ತ್ರದ ಮಾಸ್ತರು, ಈಗ ನಿವೃತ್ತರು. ಅವರ ಪರಿಚಯವಾದದ್ದು ಸೂರ್ಯನ ದಯೆಯಿಂದ. 1980ರ ಫೆಬ್ರವರಿ 16ರಂದು ನಮ್ಮ ಅಂಕೋಲೆ, ರಾಯಚೂರುಗಳ ಮೇಲೇ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಆಗ ಹುಡುಗನಾಗಿದ್ದ ನನ್ನನ್ನು ಮನೆಯವರು ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೂರಿಸಿದ್ದರು. ಆ ಆಸೆ ಉಳಿದೇ ಇತ್ತು. 1995ರ ಅಕ್ಟೋಬರ್ 24ರಂದು, ದೀಪಾವಳಿಯ ಅಮಾವಾಸ್ಯೆಯ ಬೆನ್ನಿಗೇ, ಕಲ್ಕತ್ತದ ದಕ್ಷಿಣಕ್ಕಿರುವ ಡೈಮಂಡ್ ಹಾರ್ಬರಿನಲ್ಲಿ ಪೂರ್ಣಗ್ರಹಣ ಕಾಣುತ್ತದೆಂದು ತಿಳಿದಾಗ, ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಬ್ಯಾಂಕಿನ ಗೆಳೆಯನ ಕೋಣೆಯನ್ನು ನಂಬಿ ಹೊರಟೇಬಿಟ್ಟೆ. ಶಿಯಾಲ್ದಾ ನಿಲ್ದಾಣದಿಂದ ಹೊರಟ ಲೋಕಲ್ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನದಿಯ ದಂಡೆಯಲ್ಲಿ ಪಕ್ಕಕ್ಕೆ ನಿಂತಿದ್ದ ಬಂಗಾಳಿ ಮಾಸ್ತರು ತಮ್ಮ ವಿದ್ಯಾರ್ಥಿಗಳಿಗೆ ಗ್ರಹಣದ ಕನ್ನಡಕ ಹಂಚುತ್ತ, ನನ್ನ ಕೈಗೂ ಒಂದನ್ನು ಕೊಟ್ಟರು. ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತಿನ ಕತ್ತಲೆ. ಆ ಒಂದು ನಿಮಿಷದ ಸ್ನೇಹ ಇನ್‌ಲ್ಯಾಂಡ್ ಕಾಗದಗಳಲ್ಲಿ, ಹೊಸ ವರ್ಷದ ಕಾರ್ಡುಗಳಲ್ಲಿ, ಈಚೆಗೆ ಮೊಬೈಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಉಳಿದು ಬಂದಿದೆ.

ಬೆಂಗಳೂರಿನಿಂದ ಹೌರಾ ಸುಮಾರು ಎರಡು ಸಾವಿರ ಕಿಲೋಮೀಟರ್. ಶುಕ್ರವಾರ ಸಂಜೆ ರೈಲು ಇಳಿದಾಗ ನಿಲ್ದಾಣದ ತುಂಬ ಗಂಗಾಸಾಗರಕ್ಕೆ ಹೊರಟ ಯಾತ್ರಿಗಳು, ತಲೆಯ ಮೇಲೆ ಗಂಟು, ಕೈಯಲ್ಲಿ ಒಬ್ಬರ ಸೆರಗು ಇನ್ನೊಬ್ಬರು. ಬ್ಯಾಂಕಿನಿಂದ ನೇರವಾಗಿ ಬಂದಿದ್ದ ಗೆಳೆಯ ಟ್ಯಾಕ್ಸಿಗೆ ಕೈ ಎತ್ತಿದ. ನಾನು ಬೇಡವೆಂದೆ. ಹೌರಾ ಸೇತುವೆಯನ್ನು ಕಾರಿನ ಕಿಟಕಿಯಲ್ಲಿ ನೋಡುವುದೆಂದರೆ ಊಟದ ಎಲೆಯನ್ನು ಬಾಗಿಲಲ್ಲಿ ನಿಂತು ನೋಡಿದಂತೆ.

1943ರ ಫೆಬ್ರವರಿಯಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಗೆ 1965ರಿಂದ ರವೀಂದ್ರ ಸೇತು ಎಂದು ಹೆಸರು. ನದಿಯ ನೀರಿನಲ್ಲಿ ಇದಕ್ಕೆ ಒಂದು ಕಂಬವೂ ಇಲ್ಲ. ಬಳಸಿದ ಉಕ್ಕು 26,500 ಟನ್; ಅದರಲ್ಲಿ 23,000 ಟನ್ ಟಾಟಾ ಕಾರ್ಖಾನೆಯದು. ಇಷ್ಟನ್ನೂ ಜೋಡಿಸಿರುವುದು ನಟ್ಟು ಬೋಲ್ಟುಗಳಿಂದಲ್ಲ, ರಿವೆಟ್ಟುಗಳಿಂದ. ಕೆಂಪಗೆ ಕಾದ ರಿವೆಟ್ಟನ್ನು ತೂತಿನೊಳಗೆ ತೂರಿಸಿ ತಲೆ ಬಡಿದರೆ, ಅದು ತಣ್ಣಗಾಗುತ್ತ ಕುಗ್ಗಿ ಎರಡು ತಗಡುಗಳನ್ನು ಬಿಗಿಯಾಗಿ ಅವುಚಿಕೊಳ್ಳುತ್ತದೆ. ಎಂಟನೆಯ ತರಗತಿಯಲ್ಲಿ 'ಘನವಸ್ತುಗಳ ವ್ಯಾಕೋಚನ' ಎಂದು ನಾವು ಬಾಯಿಪಾಠ ಮಾಡಿಸುವುದು ಇದನ್ನೇ. ಸೇತುವೆಯ ಉದ್ದ 705 ಮೀಟರ್. ಚಳಿಗಾಲದ ಮುಂಜಾವಿಗೂ ಬೇಸಗೆಯ ನಡುಹಗಲಿಗೂ ಮೂವತ್ತು ಡಿಗ್ರಿ ಅಂತರವೆಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿ: ಇಷ್ಟುದ್ದದ ಉಕ್ಕು ಸುಮಾರು ಒಂದು ಗೇಣು ಹಿಗ್ಗುತ್ತದೆ. ಅದಕ್ಕೆ ಜಾಗ ಬಿಟ್ಟು ಕಟ್ಟಿರುವುದೇ ಎಂಜಿನಿಯರರ ಜಾಣತನ. ಅವರು ಊಹಿಸದೆ ಹೋದದ್ದು ಎಲೆ ಅಡಿಕೆಯನ್ನು. ದಾರಿಹೋಕರು ಉಗುಳಿದ ಸುಣ್ಣ ಸೇರಿದ ರಸಕ್ಕೆ, ಕಂಬಗಳ ಬುಡದ ಆರು ಮಿಲಿಮೀಟರ್ ದಪ್ಪದ ಉಕ್ಕಿನ ಕವಚ 2007ರಿಂದ 2011ರೊಳಗೆ ಮೂರಕ್ಕಿಂತ ತೆಳ್ಳಗಾಗಿತ್ತು. ಆಮೇಲೆ ಫೈಬರ್‌ಗ್ಲಾಸ್ ಹೊದಿಕೆಯ ಉಪಾಯ ಹುಡುಕಬೇಕಾಯಿತು.

ಗೆಳೆಯನ ಮನೆ ದಕ್ಷಿಣ ಕಲ್ಕತ್ತದಲ್ಲಿ. ಮನೆಯಾಕೆ ಹಾಸನದ ಕಡೆಯವರು. ಅಕ್ಕಿ ರೊಟ್ಟಿ ತಟ್ಟಿ, ಜೊತೆಗೆ ಖರ್ಜೂರದ ಮರದ ಹೊಸ ಬೆಲ್ಲವಿಟ್ಟಿದ್ದರು. ಚಳಿಗಾಲದಲ್ಲಿ ಮಾತ್ರ ಸಿಗುವ ಇದಕ್ಕೆ ಅಲ್ಲಿಯವರು 'ನೊಲೆನ್ ಗುಡ್' ಎನ್ನುತ್ತಾರೆ. ಹೊಗೆಯ ಘಮ ಬೆರೆತ ಆ ಬೆಲ್ಲವನ್ನು ಅಕ್ಕಿ ರೊಟ್ಟಿಯೊಂದಿಗೆ ತಿಂದವನಿಗೆ ರಾಷ್ಟ್ರೀಯ ಭಾವೈಕ್ಯದ ಬಗ್ಗೆ ಬೇರೆ ಭಾಷಣ ಬೇಕಿಲ್ಲ.

ಅವರಿಗೆ ಒಬ್ಬನೇ ಮಗ, ಹನ್ನೊಂದನೆಯ ತರಗತಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಬಂಗಾಳಿ, ಶಾಲೆಯಲ್ಲಿ ಇಂಗ್ಲಿಷು. ಬೆಳಗ್ಗೆ ಐದೂವರೆಗೆ ಎದ್ದು ಓದಲು ಕೂರುತ್ತಾನೆ. ಶಾಲೆ ಮುಗಿದ ಮೇಲೆ ಕೋಚಿಂಗ್, ಮನೆಗೆ ಬರುವುದು ರಾತ್ರಿ ಒಂಬತ್ತಕ್ಕೆ. ಶನಿವಾರ ಹಗಲಿಡೀ ಕೋಚಿಂಗ್. ಭಾನುವಾರ ಪರೀಕ್ಷೆ, ಸಂಜೆಗೆ ರ‍್ಯಾಂಕ್ ಪಟ್ಟಿ ತಂದೆಯ ಮೊಬೈಲಿಗೆ. ಮರುದಿನ ಎರಡನೆಯ ಶನಿವಾರ, ಬ್ಯಾಂಕಿಗೆ ರಜೆ. ನಾನು, ಗೆಳೆಯ, ಬಂಗಾಳಿ ಮಾಸ್ತರು ಮೂವರೂ ಸೇರಿ ರಾಮನ್ ಕೆಲಸ ಮಾಡಿದ ಬೀದಿಗಳಲ್ಲಿ ನಡೆಯುವುದೆಂದು ಗೊತ್ತಾಗಿತ್ತು. ಊಟದ ನಡುವೆ ಹುಡುಗ ತಟ್ಟೆಯಿಂದ ತಲೆ ಎತ್ತದೆ, 'ಅಂಕಲ್, ನಾನೂ ಬರ್ಲಾ?' ಎಂದ.

ಮನೆ ತಣ್ಣಗಾಯಿತು. 'ನಾಳಿದ್ದು ಟೆಸ್ಟ್ ಇದೆಯಲ್ಲೋ' ಎಂದ ಅಪ್ಪ. 'ಒಂದು ದಿನ ತಪ್ಪಿದರೆ ಮುಂದಿನದು ಅರ್ಥವಾಗಲ್ಲ ಅಂತ ಅವರೇ ಹೇಳಿ ಕಳಿಸಿದಾರೆ ಮೇಷ್ಟ್ರೇ' ಎಂದರು ತಾಯಿ, ನನ್ನ ಕಡೆ ತಿರುಗಿ. ಮೇಷ್ಟರಾಗಿ ನಾನು ಏನು ಹೇಳಬೇಕಿತ್ತು? ತರಗತಿ ತಪ್ಪಿಸಬೇಡವೆಂದು ಮೂವತ್ತು ವರ್ಷದಿಂದ ಹೇಳುತ್ತಲೇ ಬಂದವನು ನಾನು. ಅತಿಥಿಯಾಗಿ ಇನ್ನೊಬ್ಬರ ಮನೆಯ ಲೆಕ್ಕದಲ್ಲಿ ಕೈಹಾಕುವುದೂ ಸರಿಯಲ್ಲ. ಸುಮ್ಮನೆ ಕುಳಿತೆ. ರಾತ್ರಿ ಗಂಡಹೆಂಡಿರ ಕೋಣೆಯಿಂದ ತಗ್ಗಿದ ದನಿಯ ಮಾತು ಬಹಳ ಹೊತ್ತು ಕೇಳಿಬರುತ್ತಿತ್ತು. ಬೆಳಗ್ಗೆ ನೋಡಿದರೆ ಹುಡುಗ ಬೂಟು ಹಾಕಿ ಬಾಗಿಲಲ್ಲಿ ನಿಂತಿದ್ದ. ತಾಯಿ ಮಾತಾಡದೆ ನಾಲ್ಕು ಜನಕ್ಕಾಗುವಷ್ಟು ಚಿತ್ರಾನ್ನ ಕಟ್ಟಿಕೊಟ್ಟರು.

ಮೊದಲು ಮೆಟ್ರೊ. ಭಾರತದ ಮೊಟ್ಟಮೊದಲ ಮೆಟ್ರೊ ಓಡಿದ್ದು ಇಲ್ಲಿಯೇ, 1984ರ ಅಕ್ಟೋಬರ್ 24ರಂದು, ಎಸ್‌ಪ್ಲನೇಡಿನಿಂದ ಭವಾನಿಪುರದವರೆಗೆ, ಕೇವಲ 3.4 ಕಿಲೋಮೀಟರ್. (ನಮ್ಮ ಗ್ರಹಣವೂ ಅಕ್ಟೋಬರ್ 24! ಇಂಥ ಕಾಕತಾಳೀಯಗಳನ್ನು ನಂಬಬಾರದೆಂದು ಪಾಠ ಮಾಡುವವನೇ ಅದನ್ನು ಮರೆಯದೆ ಇಟ್ಟುಕೊಂಡಿರುವುದು ತಮಾಷೆ.) ಎಸ್‌ಪ್ಲನೇಡಿನಲ್ಲಿ ಇಳಿದು ಹಸಿರು ಮಾರ್ಗದ ಗಾಡಿ ಹತ್ತಿದೆವು. ಇದು 2024ರ ಮಾರ್ಚ್‌ನಲ್ಲಿ ಶುರುವಾದ, ಹೂಗ್ಲಿ ನದಿಯ ತಳದ ಕೆಳಗೆ ಸುರಂಗದಲ್ಲಿ ಹಾದುಹೋಗುವ ದಾರಿ. ನದಿಯ ಕೆಳಗಿನ ಭಾಗ 520 ಮೀಟರ್. ಅಷ್ಟು ದೂರ ಸುರಂಗದ ಗೋಡೆಗೆ ನೀಲಿ ದೀಪ ಹಾಕಿದ್ದಾರೆ. ದೀಪ ಕಂಡೊಡನೆ ಹುಡುಗ ಗಡಿಯಾರ ನೋಡತೊಡಗಿದ. ಜನ ಮೊಬೈಲು ಎತ್ತಿ ಹಿಡಿಯುವಷ್ಟರಲ್ಲಿ ನದಿ ಮುಗಿದೇಹೋಯಿತು. 'ನಲವತ್ತೈದು ಸೆಕೆಂಡ್ ಅಂಕಲ್. ಗಂಟೆಗೆ ನಲವತ್ತೊಂದೂವರೆ ಕಿಲೋಮೀಟರ್' ಎಂದ, ಕಾಗದ ಪೆನ್ಸಿಲ್ ಇಲ್ಲದೆ. ನೀವೂ ಮಾಡಿ ನೋಡಿ, ಸರಿಯಾಗಿಯೇ ಇದೆ. ಕೋಚಿಂಗಿನವರು ಲೆಕ್ಕ ಕಲಿಸುವುದಿಲ್ಲವೆಂದು ಯಾರೂ ದೂರುವಂತಿಲ್ಲ.

ಈ ಮಾರ್ಗದಲ್ಲಿ ಎಸ್‌ಪ್ಲನೇಡಿನಿಂದ ಶಿಯಾಲ್ದಾದವರೆಗಿನ ತುಂಡು ಮಾತ್ರ ಆಗಿನ್ನೂ ತೆರೆದಿರಲಿಲ್ಲ. 2025ರ ಆಗಸ್ಟ್‌ನಲ್ಲಿ ತೆರೆಯಿತು. ತಡವಾದುದಕ್ಕೆ ಕಾರಣ ನಾವು ನೋಡಹೊರಟಿದ್ದ ಬೌಬಜಾರೇ. 2019ರ ಆಗಸ್ಟ್ ಕೊನೆಯಲ್ಲಿ ಅಲ್ಲಿ ಸುರಂಗ ಕೊರೆಯುವ ಯಂತ್ರ ಅಂತರ್ಜಲದ ಪದರಕ್ಕೆ ತಾಗಿ, ಮಣ್ಣು ನೀರಿನೊಂದಿಗೆ ಹರಿದುಬಂದು, ಮೇಲಿನ ಹಳೆಯ ಮನೆಗಳು ಬಿರುಕುಬಿಟ್ಟು ಹಲವು ಕುಸಿದವು. ನದಿಯ ಕೆಳಗೆ ಸರಾಗವಾಗಿ ಹೋದ ಯಂತ್ರ ಬೀದಿಯ ಕೆಳಗೆ ತೊಡಕಿಗೆ ಸಿಕ್ಕಿತು. ಗಂಗೆಯ ಮೆಕ್ಕಲು ಮಣ್ಣಿನ ಮೇಲೆ ಕೂತ ಊರು ಅದು; ನಮ್ಮ ಬೆಂಗಳೂರಿನಂತೆ ಬಂಡೆಯ ಮೇಲಲ್ಲ.

ಸೆಂಟ್ರಲ್ ನಿಲ್ದಾಣದ ಮೆಟ್ಟಿಲ ಬಳಿ ಬಂಗಾಳಿ ಮಾಸ್ತರು ಕಾಯುತ್ತಿದ್ದರು. ಮಂಗನಟೋಪಿ, ಮಫ್ಲರು, ಹೆಗಲಿಗೆ ಬಟ್ಟೆಯ ಜೋಳಿಗೆ. ತಲೆಗೂದಲು ಪೂರ್ತಿ ಹೋಗಿದೆ. ಒಬ್ಬರನ್ನೊಬ್ಬರು ನೋಡಿ ಒಂದು ಗಳಿಗೆ ಸುಮ್ಮನೆ ನಿಂತೆವು. 'ಮೈಸೂರ್!' ಎಂದು ನನ್ನನ್ನು ತಬ್ಬಿಕೊಂಡರು. 1995ರಿಂದಲೂ ಅವರಿಗೆ ನನ್ನ ಹೆಸರು ಅದೇ. ಅವರ ಹಿಂದಿಯೂ ನನ್ನ ಹಿಂದಿಯೂ ಅಷ್ಟಕ್ಕಷ್ಟೆ. ಇಂಗ್ಲಿಷು ಸೇರಿಸಿ ಕೆಲಸ ನಡೆಯುತ್ತದೆ. ನನ್ನ ಬೆನ್ನಿನ ಚೀಲದ ಪಟ್ಟಿಯನ್ನು ಎಳೆದು ನೋಡಿ, ಅದೇ ಹಳೆಯದೋ ಎಂದು ಕೇಳಿದರು. ಹಳೆಯದಲ್ಲ. ಬೆನ್ನು ಮಾತ್ರ ಹಳೆಯದು ಎಂದೆ.

ಬೌಬಜಾರ್ ಬೀದಿಗೆ ಈಗ ಬಿಪಿನ್ ಬಿಹಾರಿ ಗಂಗೂಲಿ ಬೀದಿ ಎಂದು ಹೆಸರು. ಎರಡೂ ಕಡೆ ಬಂಗಾರದ ಅಂಗಡಿಗಳು, ಕೈಗಾಡಿ, ಎಳನೀರು, ಕರೆಂಟಿನ ತಂತಿಗಳ ಜಾಲ. ನಾವು ಹುಡುಕುತ್ತಿದ್ದುದು 210ನೆಯ ನಂಬರು. 1876ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು ಜನರಿಂದ ಚಂದಾ ಎತ್ತಿ 'ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್' ಎಂಬ ಸಂಸ್ಥೆಯನ್ನು ಕಟ್ಟಿದ್ದು ಇಲ್ಲಿ. ಭಾರತೀಯರು ತಾವಾಗಿಯೇ ವಿಜ್ಞಾನ ಮಾಡಬೇಕೆಂಬುದು ಅವರ ಹಟ. ಭಾಷಣ ಕೇಳಲು ಜನ ಬಂದರು. ಪ್ರಯೋಗಶಾಲೆಯಲ್ಲಿ ದುಡಿಯಲು ಬಂದವರು ವಿರಳ. ಡಾಕ್ಟರು 1904ರಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ, ಅಂದರೆ 1907ರಲ್ಲಿ, ಸರ್ಕಾರಿ ಲೆಕ್ಕಪತ್ರ ಇಲಾಖೆಗೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಬಂದಿದ್ದ ಹದಿನೆಂಟರ ತಮಿಳು ತರುಣನೊಬ್ಬ ಟ್ರಾಮಿನಲ್ಲಿ ಹೋಗುವಾಗ ಈ ಸಂಸ್ಥೆಯ ಫಲಕ ಕಂಡು ಒಳಹೊಕ್ಕ. ಬಾಗಿಲು ತೆರೆದವರು ಆಶುತೋಷ್ ಡೇ. ಮುಂದೆ ವರ್ಷಗಟ್ಟಲೆ ಆತನ ಸಹಾಯಕರಾದರು. ತರುಣನ ಹೆಸರು ಸಿ.ವಿ. ರಾಮನ್.

ಹತ್ತಿರದ ಸ್ಕಾಟ್ಸ್ ಲೇನಿನಲ್ಲಿ ರಾಮನ್ ಬಾಡಿಗೆ ಮನೆ ಹಿಡಿದಿದ್ದರು. ಅವರ ದಿನಚರಿಯನ್ನು ಪತ್ನಿ ಲೋಕಸುಂದರಿ ನೆನೆದು ಹೇಳಿದ್ದಾರೆ. ಬೆಳಗ್ಗೆ ಐದೂವರೆಗೆ ಪ್ರಯೋಗಶಾಲೆ. ಒಂಬತ್ತೂಮುಕ್ಕಾಲಿಗೆ ಓಡಿಬಂದು ಸ್ನಾನ, ಗಬಗಬನೆ ಊಟ, ಕಚೇರಿ. ಸಂಜೆ ಐದಕ್ಕೆ ಕಚೇರಿಯಿಂದ ನೇರ ಮತ್ತೆ ಪ್ರಯೋಗಶಾಲೆ. ಮನೆ ಸೇರುವುದು ರಾತ್ರಿ ಒಂಬತ್ತೂವರೆ ಹತ್ತಕ್ಕೆ. ಭಾನುವಾರವೂ ಅಲ್ಲೇ. ಹೀಗೆ ವರ್ಷಗಟ್ಟಲೆ. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗಾಗಿ, ಹೆಚ್ಚಿನ ಸಂಬಳದ ಸರ್ಕಾರಿ ಕೆಲಸ ಬಿಟ್ಟು ಕಡಿಮೆ ಸಂಬಳಕ್ಕೆ ಹೋದರು.

1928ರ ಫೆಬ್ರವರಿ 28ರ ಪ್ರಯೋಗದ ಸೊಗಸು ಅದರ ಸರಳತೆಯಲ್ಲಿದೆ. ಸೂರ್ಯನ ಬೆಳಕನ್ನು ಮಸೂರದಿಂದ ಒಟ್ಟುಗೂಡಿಸಿ ನೀಲಿ-ನೇರಳೆ ಗಾಜಿನ ಮೂಲಕ ಒಂದು ಶುದ್ಧ ದ್ರವದೊಳಗೆ ಬಿಡಬೇಕು. ದ್ರವ ಆ ಬೆಳಕನ್ನು ಸುತ್ತಲೂ ಚೆದುರಿಸುತ್ತದೆ. ಚೆದುರಿದ ಬೆಳಕಿಗೆ ಅಡ್ಡವಾಗಿ, ನೀಲಿ-ನೇರಳೆಯನ್ನು ಸುತರಾಂ ಬಿಡದ ಹಳದಿ-ಹಸಿರು ಗಾಜು ಹಿಡಿಯಬೇಕು. ಈಗ ಕಣ್ಣಿಗೆ ಕತ್ತಲೆ ಕಾಣಬೇಕು. ಆದರೆ ರಾಮನ್ ಮತ್ತು ಅವರ ಶಿಷ್ಯ ಕೆ.ಎಸ್. ಕೃಷ್ಣನ್‌ಗೆ ಅಲ್ಲಿ ಮಂದವಾದ ಬೆಳಕು ಕಂಡಿತು. ಅಂದರೆ ದ್ರವದ ಅಣುವಿಗೆ ತಾಗಿದ ಬೆಳಕು ಬಣ್ಣ ಬದಲಿಸಿಕೊಂಡು ಹೊರಬಂದಿತ್ತು. ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅಣುವಿಗೆ ಕೊಟ್ಟುಬಂದಿತ್ತು. ಇದು ನಡೆಯುವುದು ಸುಮಾರು ಒಂದು ಕೋಟಿ ಫೋಟಾನುಗಳಲ್ಲಿ ಒಂದಕ್ಕೆ. ಅಷ್ಟು ಮಸುಕಾದುದನ್ನು ಕಾಣಲು ಕತ್ತಲೆಗೆ ಪಳಗಿದ ಕಣ್ಣು ಬೇಕಿತ್ತು, ತಾಳ್ಮೆ ಬೇಕಿತ್ತು. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ರಾಮನ್ ನಮ್ಮ ಬೆಂಗಳೂರಿಗೆ ಬಂದರು, 1970ರಲ್ಲಿ ಅಲ್ಲೇ ತೀರಿಕೊಂಡರು.

210ನೆಯ ನಂಬರಿನಲ್ಲಿ ಈಗ ಪ್ರಯೋಗಶಾಲೆಯಿಲ್ಲ. ಸಂಸ್ಥೆ ಎಂದೋ ಜಾದವಪುರಕ್ಕೆ ಹೋಯಿತು. ಇಲ್ಲಿರುವುದು ಸರ್ಕಾರಿ ವಾಣಿಜ್ಯ ಕಾಲೇಜು. ಲೆಕ್ಕಪತ್ರದವನೊಬ್ಬ ಬಂದು ಭೌತಶಾಸ್ತ್ರ ಮಾಡಿದ ಜಾಗದಲ್ಲಿ ಇಂದು ಲೆಕ್ಕಪತ್ರ ಕಲಿಸುತ್ತಾರೆ! ಬ್ಯಾಂಕಿನ ಗೆಳೆಯ ಇದಕ್ಕೆ ಬಹಳ ಸಂತೋಷಪಟ್ಟ.

ಗೇಟಿನ ಎದುರು ನಿಂತು ನಾನು ಮೇಲಿನ ಕತೆಯನ್ನೆಲ್ಲ ಹುಡುಗನಿಗೆ ಹೇಳಿದ್ದೆ. ಅವನು ಸ್ವಲ್ಪ ಹೊತ್ತು ಬಿಟ್ಟು ಅಪ್ಪನನ್ನು ಕೇಳಿದ: 'ಅಪ್ಪಾ, ಅವರೂ ಐದೂವರೆಗೆ ಶುರು, ನಾನೂ ಐದೂವರೆಗೆ. ಅವರೂ ಒಂಬತ್ತೂವರೆಗೆ ಮನೆಗೆ, ನಾನೂ ಹೆಚ್ಚುಕಡಿಮೆ ಹಾಗೇ. ಅವರಿಗೆ ಸುಸ್ತಾಗ್ತಿರಲಿಲ್ವಾ?' ಗೆಳೆಯ ನನ್ನ ಮುಖ ನೋಡಿದ. ನಾನು ಬಂಗಾಳಿ ಮಾಸ್ತರರ ಮುಖ ನೋಡಿದೆ. ಅವರಿಗೆ ಕನ್ನಡ ಬಾರದು. ಹುಡುಗನೇ ಬಂಗಾಳಿಯಲ್ಲಿ ಮತ್ತೆ ಕೇಳಿದ. ಮಾಸ್ತರು ಉತ್ತರ ಹೇಳಲಿಲ್ಲ. ನಿನಗೆ ಯಾವ ಹೊತ್ತಿನಲ್ಲಿ ಸುಸ್ತಾಗುವುದಿಲ್ಲ ಎಂದು ತಿರುಗಿ ಕೇಳಿದರಂತೆ. ಹುಡುಗ ಯೋಚಿಸುತ್ತ ನಡೆದ. ಅಪ್ಪ ಅವನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು ನಡೆದ.

ಅಲ್ಲಿಂದ ಉತ್ತರಕ್ಕೆ ಕಾಲೇಜ್ ಬೀದಿ. ಪ್ರೆಸಿಡೆನ್ಸಿ ಕಾಲೇಜಿನ ಗೋಡೆಯುದ್ದಕ್ಕೂ ಹಳೆಯ ಪುಸ್ತಕದ ಗೂಡಂಗಡಿಗಳು. ಇದೇ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ಬ್ರಿಟಿಷ್ ಪ್ರಾಧ್ಯಾಪಕರಿಗಿಂತ ಕಡಿಮೆ ಸಂಬಳ ಕೊಟ್ಟರೆಂದು ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಮಾಡಿದ್ದು. 1895ರಲ್ಲಿ, ಅಂದರೆ ನಮ್ಮ ಗ್ರಹಣಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, ಟೌನ್ ಹಾಲಿನಲ್ಲಿ ತಂತಿಯಿಲ್ಲದೆ ಗೋಡೆಯಾಚೆ ಗಂಟೆ ಬಾರಿಸಿ ತೋರಿಸಿದ್ದೂ ಅವರೇ. ಗೂಡಂಗಡಿಗಳಲ್ಲಿ ಈಗ ಹೆಚ್ಚಿನವು ಪ್ರವೇಶಪರೀಕ್ಷೆಯ ಗೈಡುಗಳು. ಹುಡುಗ ತನ್ನಲ್ಲಿರುವ ಗೈಡಿನ ಹಳೆಯ ಪ್ರತಿಯೊಂದನ್ನು ತಿರುವಿ, ಹಿಂದಿನ ಮಾಲೀಕ ಎಪ್ಪತ್ತನೆಯ ಪುಟದಾಚೆ ಗೆರೆಯನ್ನೇ ಎಳೆದಿಲ್ಲವೆಂದು ತೋರಿಸಿ ನಕ್ಕ. ಕಾಫಿ ಹೌಸಿನ ಗದ್ದಲದಲ್ಲಿ ಕುಳಿತು ಕಾಫಿ ಕುಡಿದೆವು. ಕಾಫಿ ಸಾಧಾರಣ. ನಮ್ಮ ಕಡೆಯವರು ಅದನ್ನು ಹೊಗಳಲಾರರು; ಮೇಜಿನ ಸುತ್ತಿನ ಮಾತಿಗಾಗಿ ಹೋಗಬೇಕು.

ಟ್ರಾಮ್ ಹತ್ತಿ ಶ್ಯಾಮಬಜಾರಿನ ಕಡೆ ಹೊರಟೆವು. 1873ರಲ್ಲಿ ಕುದುರೆ ಎಳೆದ ಟ್ರಾಮಿಗೆ 1902ರಲ್ಲಿ ವಿದ್ಯುತ್ ಬಂತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ, ಮೈದಾನದ ಬಳಿಯ ಒಂದು ತುಂಡು ಬಿಟ್ಟು ಉಳಿದೆಲ್ಲ ಟ್ರಾಮನ್ನು ನಿಲ್ಲಿಸುವುದಾಗಿ ಹೇಳಿತ್ತು. ನಾವು ಹೋದಾಗ ಈ ಮಾರ್ಗ ಓಡುತ್ತಿತ್ತು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ, ಉರುಳುವ ಘರ್ಷಣೆ ಬಹಳ ಕಡಿಮೆ, ಹೊಗೆಯಿಲ್ಲ. ಇಷ್ಟು ಒಳ್ಳೆಯ ಗಾಡಿಯನ್ನು ನಿಧಾನವೆಂಬ ಒಂದೇ ತಪ್ಪಿಗೆ ಮನೆಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಅದು ನಿಧಾನವಾದದ್ದು ಅದರ ಹಳಿಯ ಮೇಲೆ ಕಾರುಗಳು ನಿಲ್ಲುವುದರಿಂದ.

ಬಂಗಾಳಿ ಮಾಸ್ತರರ ಮನೆ ಬಾಗಬಜಾರಿನ ಓಣಿಯಲ್ಲಿ. ತಣ್ಣಗಾಗಿದ್ದ ಚಿತ್ರಾನ್ನವನ್ನು ಅಲ್ಲಿ ಬಿಚ್ಚಿದೆವು. ಅವರ ಪತ್ನಿ ಅದರಲ್ಲಿನ ಕಡಲೆಕಾಯಿ ಬೀಜವನ್ನು ಬಹಳ ಮೆಚ್ಚಿದರು. ಕತ್ತಲಾಗುವ ಹೊತ್ತಿಗೆ ಮಾಸ್ತರು ಜೋಳಿಗೆಯಿಂದ ಕಪ್ಪು ರಟ್ಟಿನ ಕೊಳವೆಯೊಂದನ್ನು ತೆಗೆದರು. ಒಂದು ತುದಿಯಲ್ಲಿ ಬ್ಲೇಡಿನಿಂದ ಕೊರೆದ ಸಣ್ಣ ಸೀಳು, ಇನ್ನೊಂದು ತುದಿಯಲ್ಲಿ ಹಳೆಯ ಸಿ.ಡಿ.ಯ ಚೂರು. ಸಿ.ಡಿ.ಯ ಮೇಲೆ ಮಿಲಿಮೀಟರಿಗೆ ಸುಮಾರು 625 ಗೆರೆಗಳಿರುತ್ತವೆ. ಬೆಳಕನ್ನು ಬಣ್ಣಗಳಾಗಿ ಬಿಡಿಸಲು ಅಷ್ಟು ಸಾಕು. ಹುಡುಗ ಮೊದಲು ಬಾಗಿಲ ಎಲ್.ಇ.ಡಿ. ಬಲ್ಬನ್ನು ನೋಡಿದ, ಬಣ್ಣಗಳು ಒಂದಕ್ಕೊಂದು ಅಂಟಿದ ಪಟ್ಟೆ. ಆಮೇಲೆ ಅಡುಗೆಮನೆಯ ಹಳೆಯ ಟ್ಯೂಬ್‌ಲೈಟು ನೋಡಿದ. ಅಲ್ಲಿ ಪಟ್ಟೆಯ ನಡುವೆ ಚೂಪಾದ ಗೆರೆಗಳು, ಅದರಲ್ಲೂ ಒಂದು ಕಡುಹಸಿರು. ಅದು ಟ್ಯೂಬಿನೊಳಗಿನ ಪಾದರಸದ ಗುರುತು. ಪುಸ್ತಕದಲ್ಲಿ ಆ ಗೆರೆಯ ತರಂಗದೂರ ಅವನಿಗೆ ಬಾಯಿಪಾಠವಿತ್ತು, 546 ನ್ಯಾನೊಮೀಟರ್. 'ಇದಾ ಅದು?' ಎಂದು ಮೂರು ಸಲ ಕೇಳಿದ. ಅಪ್ಪ ಅವನ ಕೈಯಿಂದ ಕೊಳವೆ ಇಸಕೊಂಡು ತಾನೂ ಬಹಳ ಹೊತ್ತು ನೋಡಿದ. ಅಷ್ಟರಲ್ಲಿ ಮನೆಯಿಂದ ಫೋನು: ನಾಳೆ ಪರೀಕ್ಷೆ ಇದೆ, ಎಷ್ಟು ಹೊತ್ತಿಗೆ ಬರುತ್ತೀರಿ?

ನಾನು ಊರಿಗೆ ಮರಳಿದ ಮೇಲೆ ಗೆಳೆಯ ಫೋನ್ ಮಾಡಿದ್ದ. ಆ ಭಾನುವಾರದ ಪಟ್ಟಿಯಲ್ಲಿ ಮಗನ ರ‍್ಯಾಂಕು ಹದಿನೇಳು ಸ್ಥಾನ ಕೆಳಗಿಳಿಯಿತಂತೆ. ಮನೆಯಾಕೆ ಎರಡು ದಿನ ಮಾತಾಡಲಿಲ್ಲವಂತೆ. ಹುಡುಗ ಕೋಚಿಂಗು ಬಿಟ್ಟಿಲ್ಲ. ಕೊಳವೆಯನ್ನು ಬೆನ್ನಿನ ಚೀಲದಲ್ಲೇ ಇಟ್ಟುಕೊಂಡು ಹೋಗುತ್ತಾನೆ. ಮೊನ್ನೆ ರಾತ್ರಿ ಒಲೆಯ ಜ್ವಾಲೆಗೆ ಉಪ್ಪು ಎರಚಿ ಹಳದಿ ಗೆರೆ ಹುಡುಕುತ್ತ, ತಾಯಿಯ ಹಾಲು ಉಕ್ಕಿಸಿದನಂತೆ.